ಈ ಹೊಗೆ ಯಾರದು?

ಚಳಿಗಾಲದ ಬೆಳಿಗ್ಗೆ ಬಿಡದಿಯಲ್ಲಿ ಮನೆಯಿಂದ ಹೊರಗೆ ಬಂದರೆ ಕೆಲವೊಮ್ಮೆ ಎದುರಿನ ಬೀದಿಯೇ ಮಸುಕು. ಅದು ಮಂಜಾದರೆ ಬಿಸಿಲೇರಿದಂತೆ ಕರಗಿಹೋಗುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ. ಮೂಗಿಗೆ ಘಾಟು ಬಡಿದರೆ ಅದು ಹೊಗೆ. ಆದರೆ ಯಾರ ಹೊಗೆ? ಇಲ್ಲಿ ಒಂದು ಕಡೆ ಕೈಗಾರಿಕಾ ಪ್ರದೇಶದ ಚಿಮಣಿಗಳು, ನಡುವೆ ಬೆಂಗಳೂರು–ಮೈಸೂರು ಹೆದ್ದಾರಿ, ಆಚೆಗೆ ಹೊಲ ತೋಟ. ಹೊಲದವರನ್ನು ಕೇಳಿದರೆ ಕಾರ್ಖಾನೆ ತೋರಿಸುತ್ತಾರೆ, ಕಾರ್ಖಾನೆಯವರು ಹೊಲ ತೋರಿಸುತ್ತಾರೆ.

ಹೊಲದವರ ಪರವಾಗಿ ಮೊದಲು ಒಂದು ಮಾತು. ಈ ಸೀಮೆಯಲ್ಲಿ ರಾಗಿ ಹುಲ್ಲಿಗೆ ಬೆಂಕಿ ಇಡುವವರು ಸಿಗುವುದೇ ಕಷ್ಟ. ಅದು ಹಸುವಿನ ಮೇವು. ಮೆದೆ ಒಟ್ಟಿ ಜೋಪಾನ ಮಾಡುತ್ತಾರೆ. ಸುಡುವುದು ಕಬ್ಬಿನ ತರಗು, ಒಣಗಿದ ತೆಂಗಿನ ಗರಿ, ಬದುವಿನ ಕಳೆ. ಪಂಜಾಬ್, ಹರಿಯಾಣದ ಕಥೆ ಬೇರೆ. ಅಲ್ಲಿ ಯಂತ್ರ ಭತ್ತ ಕೊಯ್ದ ಮೇಲೆ ಗದ್ದೆ ತುಂಬ ಕೂಳೆ ಉಳಿಯುತ್ತದೆ, ಎರಡು ಮೂರು ವಾರದೊಳಗೆ ಗೋಧಿ ಬಿತ್ತಬೇಕು. ಹಾಗಾಗಿ ಬೆಂಕಿ. ಒಂದು ಟನ್ ಭತ್ತದ ಹುಲ್ಲು ಉರಿದರೆ ಸುಮಾರು 3 ಕಿಲೋ ಸೂಕ್ಷ್ಮ ಕಣಗಳು, 60 ಕಿಲೋ ಕಾರ್ಬನ್ ಮಾನಾಕ್ಸೈಡ್ ಗಾಳಿಗೆ ಸೇರುತ್ತವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಆ ದಿನಗಳಲ್ಲಿ ಎಲ್ಲೆಲ್ಲಿ ಎಷ್ಟು ಗದ್ದೆಗಳು ಉರಿದವು ಎಂದು ದಿನಾ ಲೆಕ್ಕ ಕೊಡುತ್ತದೆ.

ಆ ಲೆಕ್ಕ ಸಿಗುವುದು ಉಪಗ್ರಹಗಳಿಂದ. ಬಿಸಿಯಾದ ವಸ್ತುವೆಲ್ಲ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣ ಬಿಡುತ್ತದೆ. ಬಿಸಿಲಿಗೆ ಕಾದ ನೆಲ ಒಂದು ಬಗೆಯದನ್ನು ಹೆಚ್ಚು ಬಿಟ್ಟರೆ, ಉರಿವ ಬೆಂಕಿ ಇನ್ನೊಂದು ಬಗೆಯದನ್ನು ಹೆಚ್ಚು ಬಿಡುತ್ತದೆ. ಎರಡನ್ನೂ ಹೋಲಿಸಿ ನೋಡಿದರೆ ಬೆಂಕಿ ಎಲ್ಲಿದೆ ಎಂದು ತಿಳಿಯುತ್ತದೆ. 2017ರಲ್ಲಿ ಹಾರಿದ ಅಮೆರಿಕದ ನೋಆ-20 ಉಪಗ್ರಹ ಈ ಕೆಲಸ ಮಾಡುತ್ತದೆ. ಆದರೆ ಅದು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ಮತ್ತೆ ರಾತ್ರಿ ಒಂದೂವರೆಯ ಹೊತ್ತಿಗೆ. ಸಂಜೆ ಐದಕ್ಕೆ ಹಚ್ಚಿ ಆರಕ್ಕೆ ಆರಿದ ಗರಿಯ ಗುಡ್ಡೆ ಅದರ ಲೆಕ್ಕಕ್ಕೆ ಬರುವುದೇ ಇಲ್ಲ! ಅದರ ಚಿತ್ರದ ಒಂದೊಂದು ಚುಕ್ಕಿಯೂ ನೆಲದ ಮೇಲೆ 375 ಮೀಟರ್ ಅಗಲ, ಹಾಗಾಗಿ ಸಣ್ಣ ಬೆಂಕಿ ತಪ್ಪಿಹೋಗಬಹುದು. ಕೈಗಾರಿಕಾ ಪ್ರದೇಶಗಳಲ್ಲಿ ಇನ್ನೊಂದು ತೊಡಕು: ಕುಲುಮೆಯ ಕಾವೂ ಬೆಂಕಿಯಂತೆಯೇ ಕಾಣಬಹುದು. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಚುಕ್ಕಿ ಕಂಡರೆ ಅದು ಕಾರ್ಖಾನೆ ಎಂದು ವಿಜ್ಞಾನಿಗಳು ಪಕ್ಕಕ್ಕಿಡುತ್ತಾರೆ. ಹೊಲದ ಬೆಂಕಿ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ.

ಉಪಗ್ರಹ ಹೇಳುವುದು ಬೆಂಕಿಯ ಸುದ್ದಿ. ನಾವು ಉಸಿರಾಡುವ ಗಾಳಿಯ ಸುದ್ದಿ ನೆಲದ ಮೇಲಿನ ಯಂತ್ರದ ಹತ್ತಿರ ಇರುತ್ತದೆ. ರಾಮನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಥದೊಂದು ಕೇಂದ್ರವಿದೆ. ಇಂಥ ಯಂತ್ರ ಗಾಳಿಯನ್ನು ಒಳಗೆಳೆದು ಕಾಗದದಂಥ ಪಟ್ಟಿಯ ಮೂಲಕ ಹಾಯಿಸುತ್ತದೆ. ಪಟ್ಟಿಯ ಮೇಲೆ ಕಣಗಳು ಕೂತಷ್ಟೂ ಅದನ್ನು ದಾಟಿ ಬರುವ ಬೀಟಾ ಕಿರಣ ಕಡಿಮೆಯಾಗುತ್ತದೆ. ಅದರಿಂದ ಕಣಗಳ ತೂಕ ಗೊತ್ತಾಗುತ್ತದೆ. ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕೂ ಸಣ್ಣ ಕಣ. ಒಂದು ಮಿಲಿಮೀಟರ್ ಉದ್ದಕ್ಕೆ ಅಂಥ 400 ಕಣಗಳನ್ನು ಸಾಲಾಗಿ ಕೂರಿಸಬಹುದು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 15!

ಕಣ ಎಷ್ಟು ಎಂಬುದೇನೋ ಗೊತ್ತಾಯಿತು. ಯಾರದು? ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಈ ಪತ್ತೇದಾರಿಯೇ. ಹೊಗೆ ಹೆಬ್ಬೆಟ್ಟಿನ ಗುರುತು ಬಿಟ್ಟುಹೋಗುತ್ತದೆ. ಗಿಡಗಳು ಮಣ್ಣಿನಿಂದ ಪೊಟ್ಯಾಸಿಯಂ ಹೀರಿರುತ್ತವೆ, ಸುಟ್ಟಾಗ ಅದು ಹೊಗೆಗೆ ಬರುತ್ತದೆ. ಆದರೆ ದೀಪಾವಳಿ ಪಟಾಕಿಯಲ್ಲೂ ಪೊಟ್ಯಾಸಿಯಂ ಇದೆಯಲ್ಲ! ಆಗ ನೆರವಿಗೆ ಬರುವುದು ಲೆವೊಗ್ಲುಕೋಸಾನ್ ಎಂಬ ವಸ್ತು. ಗಿಡದ ನಾರಿನಲ್ಲಿರುವ ಸೆಲ್ಯುಲೋಸ್ ಸುಟ್ಟಾಗ ಅದು ಹುಟ್ಟುತ್ತದೆ. ಡೀಸೆಲ್ ಉರಿದರೆ ಹುಟ್ಟುವುದಿಲ್ಲ. ಅಂದರೆ ಲಾರಿಯ ಹೊಗೆಯನ್ನೂ ಗರಿಯ ಹೊಗೆಯನ್ನೂ ಬೇರೆ ಮಾಡಬಹುದು.

ಅಷ್ಟಕ್ಕೇ ಹೊಲದವರನ್ನು ಹಿಡಿಯಲಾಗದು. ಸೌದೆ ಒಲೆಯಿಂದಲೂ ಆಲೆಮನೆಯಿಂದಲೂ ಇದೇ ವಸ್ತು ಬರುತ್ತದೆ. ರೇಷ್ಮೆಗೂಡು ಬೇಯಿಸಲು ಸೌದೆ ಉರಿಸಿದರೂ ಅಷ್ಟೇ. ಆದ್ದರಿಂದ ಗಾಳಿಯ ದಿಕ್ಕು, ಗಂಟೆ, ಉಪಗ್ರಹದ ಚುಕ್ಕಿ ಎಲ್ಲವನ್ನೂ ಕೂಡಿಸಿ ನೋಡಬೇಕು. ಬರೀ ಚಿಮಣಿಯನ್ನೋ ಬರೀ ರೈತನನ್ನೋ ಬೈಯುವುದು ಸುಲಭ, ಲೆಕ್ಕ ಮಾತ್ರ ಹಾಗೆ ಹೊಂದುವುದಿಲ್ಲ.

ನೀವೂ ಈ ಪತ್ತೇದಾರಿ ಮಾಡಬಹುದು. ಹೊಗೆ ಕಂಡಾಗ ಗಂಟೆ ಎಷ್ಟು, ಗಾಳಿ ಯಾವ ಕಡೆಯಿಂದ, ವಾಸನೆ ಸೊಪ್ಪಿನದೋ ಪ್ಲಾಸ್ಟಿಕ್ಕಿನದೋ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ದೊಡ್ಡವರ ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆಪ್ ತೆರೆದು ರಾಮನಗರದ ಅಂಕಿ ಪಕ್ಕದಲ್ಲೇ ಗುರುತು ಹಾಕಿ. ಸ್ವಲ್ಪ ದಿನ ಬರೆದ ಮೇಲೆ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ಬೆಂಕಿಯ ಹತ್ತಿರ ಮಾತ್ರ ಹೋಗಬೇಡಿ. ಇದನ್ನೆಲ್ಲ ದೂರದಿಂದಲೇ ಮಾಡಬಹುದು.