ತಿರುಗಿದ ಕೈಮರ



ಅರಸೀಕೆರೆಯಲ್ಲಿ ರೈಲು ಇಳಿದು ಹಳೇಬೀಡು, ಬೇಲೂರಿಗೆ ಹೊರಟವರ ಮುಂದೆ ಯಾರೋ ಕೈಮರವನ್ನೇ ತಿರುಗಿಸಿಟ್ಟರೆ ಏನಾದೀತು? ಅಂತರ್ಜಾಲದಲ್ಲೂ ಹೀಗಾಗುವುದುಂಟು. ‘ಈ ವಿಳಾಸಕ್ಕೆ ನನ್ನ ಮೂಲಕ ಬನ್ನಿ’ ಎಂದು ಒಂದು ಜಾಲ ಸಾರಿದರೆ ನೆರೆಯ ಜಾಲಗಳು ಬಹುಮಟ್ಟಿಗೆ ನಂಬಿಬಿಡುತ್ತವೆ.

2015ರ ನವೆಂಬರ್‌ನಲ್ಲಿ ನಮ್ಮ ದೇಶದ ಏರ್‌ಟೆಲ್ ಜಾಲವು ಪರರ ಸುಮಾರು 16,000 ವಿಳಾಸ ಗುಂಪುಗಳನ್ನು ತನ್ನವೆಂದು ಸಾರಿತು. ಅದನ್ನು ಅಚಾತುರ್ಯವೆಂದೇ ಎಣಿಸಲಾಯಿತು. ಆದರೆ 2018ರ ಏಪ್ರಿಲ್ 24ರಂದು ನಡೆದದ್ದು ಕಳ್ಳತನ. ಅಮೆಜಾನ್‌ನ ವಿಳಾಸ ತಿಳಿಸುವ ಸೇವೆಗೆ ಹೋಗುವ ದಾರಿಯನ್ನು ಸುಮಾರು ಎರಡು ಗಂಟೆ ತಿರುಗಿಸಿ, ‘ಮೈ ಈಥರ್ ವಾಲೆಟ್’ ಬಳಕೆದಾರರ ಡಿಜಿಟಲ್ ಹಣವನ್ನು ದೋಚಲಾಯಿತು.

ಇದಕ್ಕೆ ಕಾವಲೂ ಉಂಟು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ‘ರೂಟ್ ವ್ಯೂಸ್’ ಯೋಜನೆ ಲೋಕದ ಹಲವೆಡೆಯಿಂದ ಇಂಥ ಸಾರಿಕೆಗಳನ್ನು ಆಲಿಸಿ ದಾಖಲಿಸುತ್ತದೆ. ನಿನ್ನೆಯವರೆಗೆ ಒಬ್ಬರು ಸಾರುತ್ತಿದ್ದ ವಿಳಾಸವನ್ನು ಇಂದು ಬೇರೊಬ್ಬರು ಸಾರಿದರೆ, ದಾಖಲೆಗಳನ್ನು ಹೋಲಿಸುವ ತಂತ್ರಾಂಶ ಕೂಗಿ ಹೇಳುತ್ತದೆ.

ಆದರೆ ಕಾವಲುಗಾರ ಕೂಗುವಷ್ಟರಲ್ಲಿ ಕಳ್ಳ ಒಳಹೊಕ್ಕಿರಬಹುದು. 2018ರಲ್ಲಿ ಆ ನಕಲಿ ತಾಣಕ್ಕೆ ಹೋದವರ ಪರದೆಯ ಮೇಲೆ ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಮೂಡಿತ್ತು. ಅದನ್ನು ದಾಟಿ ಮುಂದೆ ಹೋದವರು ಹಣ ಕಳೆದುಕೊಂಡರು. ಬ್ಯಾಂಕಿನ ಪುಟದಲ್ಲಿ ಅಂಥ ಎಚ್ಚರಿಕೆ ಕಂಡರೆ ದಯವಿಟ್ಟು ಅಲ್ಲಿಯೇ ನಿಲ್ಲಿ.