ಬೆಳಕು ನಮಗೂ ಬೇಕು, ಎದುರಿನವರಿಗೂ ಬೇಕು
(ಶಂಕರಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಸಾರಾಂಶ)



ಹಿಂದೆ ನಮ್ಮ ಸಂಘಗಳಲ್ಲಿ ದನಕ್ಕೆ, ಮಲ್ಲಿಗೆ ಗಿಡಕ್ಕೆ, ಹೊಲಿಗೆ ಯಂತ್ರಕ್ಕೆ ಸಾಲ ಕೇಳ್ತಿದ್ದೆವು. ಈಗ ರಿಕ್ಷಾ, ಹಳೆ ಕಾರು, ಸ್ಕೂಟರ್ ರಿಪೇರಿಗೂ ಕೇಳ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ "ರಾತ್ರಿ ರಸ್ತೆ ಕಾಣುವುದಿಲ್ಲ, ದೊಡ್ಡ ಲೈಟ್ ಹಾಕಿಸ್ಬೇಕು" ಎಂದು ಮನೆಯ ಗಂಡಸರು ಹೇಳಿದರೆ, ಹಣ ಕೊಡುವ ಮೊದಲು ನಾವು ನಾಲ್ಕು ವಿಷಯ ತಿಳಿದುಕೊಂಡಿರಬೇಕು. ಕಂತು ಕಟ್ಟುವವರು ನಾವಲ್ಲವೇ?

ನಮ್ಮ ಊರಿಗೆ ಈ ವಿಷಯ ಹೆಚ್ಚು ಮುಖ್ಯ. ಮಲ್ಲಿಗೆಯ ಮೊಗ್ಗನ್ನು ಬೆಳಗಾತ ಕೊಯ್ಯಬೇಕು, ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಲೆಕ್ಕ ನಿಮಗೆ ಬಾಯಿಪಾಠ. ಕತ್ತಲಿರುವಾಗಲೇ ಏಳುವ, ರಸ್ತೆ ಬದಿಯಲ್ಲಿ ನಡೆಯುವ ಹೆಂಗಸರು ನಾವು. ಕಟಪಾಡಿಗೆ, ಶಿರ್ವಕ್ಕೆ ಹೋಗುವ ದಾರಿಯಲ್ಲಾಗಲಿ ಒಳರಸ್ತೆಗಳಲ್ಲಾಗಲಿ ಎಲ್ಲ ಕಡೆ ಬೀದಿದೀಪ ಇಲ್ಲ. ಹಾಗಾಗಿ ಒಮ್ಮೆ ನಾವು ಗಾಡಿಯ ಒಳಗಿರುತ್ತೇವೆ, ಒಮ್ಮೆ ಅದೇ ಗಾಡಿಯ ಎದುರಿಗಿರುತ್ತೇವೆ.

ಮೊದಲು ಇರುವ ಲೈಟನ್ನು ಸರಿಮಾಡಿಸಿ

ಬೆಳಕು ಕಡಿಮೆಯಾದರೆ ಬಲ್ಬಿನದೇ ತಪ್ಪು ಎಂದು ತಿಳಿಯಬೇಡಿ. ಈಗಿನ ಕಾರುಗಳ ಹೆಡ್‌ಲೈಟಿನ ಮುಚ್ಚಳ ಗಾಜಲ್ಲ, ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಲಿಗೆ ಅದು ಹಳದಿಯಾಗಿ ಮಂಜು ಕವಿದ ಹಾಗೆ ಆಗ್ತದೆ. ಪಾಲಿಶ್ ಮಾಡಿಸಿದರೆ ಬಹಳಷ್ಟು ಸರಿಯಾಗ್ತದೆ. ಮಳೆಗಾಲದಲ್ಲಿ ಕೆಸರು ಹಾರಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೆ ಹಣವೇ ಬೇಡ.

ಎರಡನೆಯದು ತುಕ್ಕು. ನಮ್ಮದು ಕಡಲ ಬದಿಯ ಉಪ್ಪುಗಾಳಿ. ವಯರಿನ ಜೋಡಣೆಗಳು, ಅರ್ಥ್ ಕನೆಕ್ಷನ್ ತುಕ್ಕು ಹಿಡಿದರೆ ಬಲ್ಬಿಗೆ ಪೂರ್ತಿ ಕರೆಂಟ್ ಸಿಗುವುದಿಲ್ಲ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಹತ್ತಿರ ಹತ್ತಿರ ಶೇಕಡಾ 30 ಕಡಿಮೆಯಾಗ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ಇದನ್ನು ನೋಡಿಸಿ.

ಮೂರನೆಯದು ಲೈಟಿನ ಮುಖ ಎತ್ತ ಇದೆ ಎಂಬುದು. ಕಾರನ್ನು ಸಮತಟ್ಟು ಜಾಗದಲ್ಲಿ ಗೋಡೆಗೆ ಎದುರಾಗಿ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿದರೆ, ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಮೇಲೆ ಹೋದರೆ ಎದುರಿನವರ ಕಣ್ಣಿಗೆ, ತೀರ ಕೆಳಗೆ ಇದ್ದರೆ ನಮಗೆ ರಸ್ತೆಯೇ ಕಾಣುವುದಿಲ್ಲ. ಇದನ್ನು ಸರಿಪಡಿಸಲು ಹೆಡ್‌ಲೈಟಿನಲ್ಲೇ ತಿರುಪು ಉಂಟು. ಹಿಂದೆ ಭಾರ ತುಂಬಿದರೆ ಕಾರಿನ ಮೂತಿ ಮೇಲೇಳ್ತದೆ. ಅದಕ್ಕಾಗಿಯೇ ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಹತ್ತಿರ 0, 1, 2, 3 ಎಂಬ ಸಣ್ಣ ಚಕ್ರ ಇರುತ್ತದೆ. ಎಷ್ಟೋ ಮಂದಿ ಅದನ್ನು ಮುಟ್ಟಿಯೇ ನೋಡಿರುವುದಿಲ್ಲ!

ಬಲ್ಬ್ ಹಾಕಿಸುವಾಗ ಮೋಸ ಹೋಗಬೇಡಿ

ಹ್ಯಾಲೋಜನ್ ಲೈಟಿನ ಅನೇಕ ಕಾರುಗಳಿಗೆ ಬರುವ ಎಚ್-4 ಬಲ್ಬ್ 60/55 ವ್ಯಾಟ್. ಅದಕ್ಕೆ 100/90 ವ್ಯಾಟ್ ಹಾಕಿದರೆ ಹೋಲ್ಡರ್, ವಯರ್ ಬಿಸಿಯಾಗಿ ಕರಗುವ ಅಪಾಯ ಉಂಟು. ಒಳ್ಳೆಯ ಕಂಪನಿಯ, ಅದೇ ವ್ಯಾಟಿನ ಬಲ್ಬನ್ನು ಎರಡೂ ಬದಿಗೆ ಒಟ್ಟಿಗೆ ಹಾಕಿಸಿ. ಅದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಎಣ್ಣೆ ಪಸೆ ತಾಗಿದರೆ ಬೇಗ ಹೋಗ್ತದೆ.

ಹಾಗಾದರೆ ಎಲ್‌ಇಡಿ? ಕಂಪನಿಯಿಂದಲೇ ಎಲ್‌ಇಡಿ ಲೈಟಿನೊಂದಿಗೆ ಬಂದ ಗಾಡಿಯ ಮಾತು ಬೇರೆ. ಹ್ಯಾಲೋಜನಿಗೆಂದು ಮಾಡಿದ ಪಾತ್ರೆಯೊಳಗೆ ಅಂಗಡಿಯ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಹ್ಯಾಲೋಜನಿನ ತಂತಿ ಸುತ್ತಲೂ ಬೆಳಗುತ್ತದೆ, ಎಲ್‌ಇಡಿ ಹೆಚ್ಚಾಗಿ ಎರಡು ಬದಿಗೆ ಮಾತ್ರ. ಹಾಗಾಗಿ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಬಂಪರಿನ ಮುಂದೆ ಹಾಲು ಚೆಲ್ಲಿದ ಹಾಗೆ ಬೆಳಕಾಗ್ತದೆ, ಡ್ರೈವರಿಗೆ ಖುಷಿ. ಆದರೆ ಹತ್ತಿರ ಹೆಚ್ಚು ಬೆಳಕಾದರೆ ಕಣ್ಣಿನ ಪಾಪೆ ಕುಗ್ಗಿ, ದೂರದ ಕತ್ತಲಲ್ಲಿ ಇರುವವರು ಇನ್ನೂ ಕಾಣುವುದಿಲ್ಲ. ಜೋರು ಮಳೆಯಲ್ಲಿ, ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರ್ತದೆ.

ಕಾನೂನೂ ಉಂಟು. ಕಂಪನಿಯ ಮೂಲ ನಮೂನೆಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟುಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆ ನಡೆಸಿದರು. ಸಾಲ ಮಾಡಿ ಲೈಟ್ ಹಾಕಿಸಿ, ಮತ್ತೆ ದಂಡ ಕಟ್ಟುವುದು ಯಾವ ಉಳಿತಾಯ?

ಬೆಳಕಿಗೆ ತಕ್ಕ ವೇಗ

ಡಿಮ್ ಲೈಟಿನಲ್ಲಿ ಸುಮಾರು 40ರಿಂದ 50 ಮೀಟರ್ ರಸ್ತೆ ಚೆನ್ನಾಗಿ ಕಾಣ್ತದೆ. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡು, ಬ್ರೇಕ್ ಒತ್ತಿ, ನಿಲ್ಲುವಾಗ 45 ಮೀಟರ್ ಆಗಿರುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. 40ರಲ್ಲಿ ಹೋದರೆ 26 ಮೀಟರಿನಲ್ಲೇ ನಿಲ್ಲುತ್ತದೆ. ಎಷ್ಟು ಹಣ ಕೊಟ್ಟು ಲೈಟ್ ಹಾಕಿಸಿದರೂ ಈ ಲೆಕ್ಕ ತಪ್ಪುವುದಿಲ್ಲ. ಕಡಿಮೆ ಖರ್ಚಿನ ಒಳ್ಳೆಯ ಹೆಡ್‌ಲೈಟ್ ಎಂದರೆ ನಿಧಾನ.

ಎದುರಿನಿಂದ ಗಾಡಿ ಬಂದರೆ ಡಿಮ್ ಮಾಡಿ. ಅವರು ಮಾಡದಿದ್ದರೆ ಜಿದ್ದಿಗೆ ಬೀಳಬೇಡಿ. ರಸ್ತೆಯ ಎಡ ಅಂಚು ನೋಡುತ್ತಾ ವೇಗ ತಗ್ಗಿಸಿ. ಕುಕ್ಕಿದ ಕಣ್ಣು ಸರಿಯಾಗಲು ಕೆಲವು ಸೆಕೆಂಡು ಬೇಕು, ಪ್ರಾಯದವರಿಗೆ ಇನ್ನೂ ಹೆಚ್ಚು. ಎದುರಿನ ಲೈಟಿನ ಸುತ್ತ ಬಳೆ ಬಳೆಯಾಗಿ ಕಾಣ್ತದೆ ಎಂದು ಮನೆಯ ಡ್ರೈವರ್ ಹೇಳಿದರೆ ಗ್ಯಾರೇಜಿಗೆ ಅಲ್ಲ, ಕಣ್ಣಿನ ಡಾಕ್ಟ್ರ ಹತ್ತಿರ ಕಳಿಸಿ. ಕಣ್ಣಿನ ಪೊರೆ ಇರಲೂಬಹುದು.

ನಡೆಯುವ ನಾವೂ ಕಾಣುವ ಹಾಗೆ ಇರಬೇಕು. ಬಲಬದಿಯಲ್ಲಿ, ಬರುವ ಗಾಡಿಗೆ ಮುಖ ಮಾಡಿ ನಡೆಯಿರಿ. ತಿಳಿಬಣ್ಣದ ಶಾಲು ಹೊದೆಯಿರಿ, ಕೈಯಲ್ಲಿ ಟಾರ್ಚ್ ಇರಲಿ. ಹೂವಿನ ಬುಟ್ಟಿಗೆ, ಮಕ್ಕಳ ಶಾಲೆ ಚೀಲಕ್ಕೆ, ಸೈಕಲಿಗೆ ಹೊಳೆಯುವ ರಿಫ್ಲೆಕ್ಟರ್ ಟೇಪ್ ಅಂಟಿಸಿ. ಸಂಘದಿಂದ ಒಂದು ಸುರುಳಿ ತಂದರೆ ಹಲವು ಮನೆಗೆ ಸಾಕು.

ದೀಪವನ್ನು ಮುಚ್ಚಿಡಬಾರದು, ಎತ್ತರದಲ್ಲಿಟ್ಟು ಮನೆಮಂದಿಗೆಲ್ಲ ಬೆಳಕಾಗಬೇಕು ಎಂಬ ಅರ್ಥದ ಮಾತನ್ನು ನಾವು ಸುವಾರ್ತೆಯಲ್ಲಿ ಕೇಳಿದ್ದೇವೆ. ಯಾವ ಧರ್ಮದ ಮನೆಯಲ್ಲೂ ದೀಪ ಹಚ್ಚುವುದು ಇನ್ನೊಬ್ಬರ ಕಣ್ಣು ಕಟ್ಟಲಿಕ್ಕಲ್ಲ. ಮುಂದಿನ ವಾರದ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯ ಗಾಡಿಯ ಲೈಟ್ ಒರೆಸಿ, ಗೋಡೆಗೆ ಹಾಕಿ ನೋಡಿ ಬನ್ನಿ. ನೋಡಿದ್ದನ್ನು ಸಭೆಯಲ್ಲಿ ಹೇಳಿ, ಪುಸ್ತಕದಲ್ಲಿ ಬರೆಯುವಾ. ಲೈಟಿಗೆ ಸಾಲ ಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸುವಾ.

ದೇವರು ನಿಮ್ಮನ್ನೂ, ಕತ್ತಲಲ್ಲಿ ದಾರಿ ನಡೆಯುವ ಎಲ್ಲರನ್ನೂ ಕಾಪಾಡಲಿ.