ಹಳೆಯ ಖಬರ್‌ಸ್ತಾನಗಳು ಹೇಳುವ ಇತಿಹಾಸ



ಪುತ್ತೂರು, ಸುಳ್ಯ, ಕಡಬ ಕಡೆಯ ಹಳೆಯ ಮಸೀದಿಗಳ ಬದಿಯಲ್ಲಿ ಸಾಮಾನ್ಯವಾಗಿ ಒಂದು ಖಬರ್‌ಸ್ತಾನವಿರುತ್ತದೆ. ನಾವು ಸಲಾಂ ಹೇಳಿ, ದುಆ ಮಾಡಿ ಹಿಂತಿರುಗುತ್ತೇವೆ. ಅದೊಂದು ಇತಿಹಾಸದ ದಾಖಲೆಯೂ ಹೌದೆಂದು ನೀವು ಎಂದಾದರೂ ಯೋಚಿಸಿದ್ದೀರಾ?

ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದ ಉದಾಹರಣೆ ನೋಡೋಣ. ಅಲ್ಲಿಯ ಬಿಷಪರ ಹಳೆಯ ಇಗರ್ಜಿ ಸ್ಥಾಪನೆಯಾದದ್ದು ಕ್ರಿ.ಶ. 648ರ ಸುಮಾರಿಗೆ. ನಮ್ಮ ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಸ್ಥಾಪನೆಗೆ ಪರಂಪರೆ ಹೇಳುವ ವರ್ಷ 644. ಹೆಚ್ಚುಕಡಿಮೆ ಅದೇ ಕಾಲ! ಹೊಸ ಕೆಥೆಡ್ರಲ್ ಎದ್ದಾಗ, 1093ರಲ್ಲಿ ಹಳೆಯದನ್ನು ಕೆಡವಿದರು. 1960ರ ದಶಕದಲ್ಲಿ ಮಾರ್ಟಿನ್ ಬಿಡಲ್ ಅವರ ತಂಡ ಆ ಜಾಗವನ್ನು ಅಗೆದು ಅಡಿಪಾಯವನ್ನೂ ಸುತ್ತಲಿನ ಸಮಾಧಿಗಳನ್ನೂ ಗುರುತಿಸಿತು. ಈಗ ಹುಲ್ಲಿನ ಮೇಲೆ ಇಟ್ಟಿಗೆಯ ಗೆರೆಯಲ್ಲಿ ಹಳೆಯ ಕಟ್ಟಡದ ಆಕಾರವನ್ನು ತೋರಿಸಿದ್ದಾರೆ. ಕಟ್ಟಡ ಹೋಗಿದೆ, ಅದರ ಗುರುತು ಉಳಿದಿದೆ.

ಆದರೆ ಅಲ್ಲಿಯೂ ಎಲ್ಲವೂ ಸುರಕ್ಷಿತವಾಗಿರಲಿಲ್ಲ. ರಾಜರ ಎಲುಬುಗಳಿದ್ದ ಪೆಟ್ಟಿಗೆಗಳನ್ನು 1642ರಲ್ಲಿ ಸೈನಿಕರು ಚೆಲ್ಲಾಪಿಲ್ಲಿ ಮಾಡಿದರು. ಮತ್ತೆ ಒಟ್ಟುಗೂಡಿಸಿದಾಗ ಯಾರದ್ದು ಯಾವುದು ಎಂದು ತಿಳಿಯದಾಯಿತು. ವಿಜ್ಞಾನಿಗಳು ಅವುಗಳಲ್ಲಿ ಕನಿಷ್ಠ 23 ಮಂದಿಯ ಎಲುಬುಗಳಿವೆಯೆಂದು 2019ರಲ್ಲಿ ತಿಳಿಸಿದರು. ಒಮ್ಮೆ ಕಲಸಿಹೋದುದನ್ನು ಬಿಡಿಸಲು ಮುನ್ನೂರೈವತ್ತು ವರ್ಷಗಳಿಗೂ ಮೀರಿ ಕಾಯಬೇಕಾಯಿತು.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಫ್ರಾನ್ಸಿನ ನೀಮ್ ನಗರದಲ್ಲಿ 2006-07ರಲ್ಲಿ ವಾಹನ ನಿಲ್ದಾಣಕ್ಕಾಗಿ ನೆಲ ಅಗೆಯುವ ಮುನ್ನ ಉತ್ಖನನ ನಡೆಯಿತು. ಸಿಕ್ಕ ಸಮಾಧಿಗಳಲ್ಲಿ ಮೂರು ಬೇರೆಯೇ ಆಗಿದ್ದವು. ದೇಹಗಳು ಬಲಮಗ್ಗುಲಲ್ಲಿ, ಮುಖ ಆಗ್ನೇಯಕ್ಕೆ, ಅಂದರೆ ಮಕ್ಕಾದ ಕಡೆಗೆ. ಕಾಲ 7ರಿಂದ 9ನೇ ಶತಮಾನ. ಡಿಎನ್‌ಎ ಪರೀಕ್ಷೆ ತಂದೆಯ ಕಡೆಯ ವಂಶ ಉತ್ತರ ಆಫ್ರಿಕಾದ್ದೆಂದು ಸೂಚಿಸಿತು. 2016ರಲ್ಲಿ ಈ ವರದಿ ಪ್ರಕಟವಾಯಿತು. ಗಮನಿಸಿ, ಅಲ್ಲಿ ಒಂದೇ ಒಂದು ಅಕ್ಷರ ಬರೆದಿರಲಿಲ್ಲ. ಮಲಗಿಸಿದ ದಿಕ್ಕು ಮಾತಾಡಿತು. ನಮ್ಮೂರಲ್ಲಾದರೆ ತಲೆ ಉತ್ತರಕ್ಕೆ, ಮುಖ ಪಡುವಣಕ್ಕೆ. ಲೆಕ್ಕ ಒಂದೇ, ಊರು ಬೇರೆ.

ನಮ್ಮಲ್ಲಿ ಯಾರೂ ಖಬರ್ ಅಗೆಯಬೇಕಾಗಿಲ್ಲ, ಅಗೆಯಲೂಬಾರದು. ಅಗೆದರೂ ಹೆಚ್ಚೇನೂ ಸಿಗದು. ನಮ್ಮ ಮುರಕಲ್ಲಿನ ನೆಲ ಆಮ್ಲೀಯ, ಮೇಲೆ ನಾಲ್ಕು ತಿಂಗಳ ಜಡಿಮಳೆ. ಎಲುಬು ಬಹುಕಾಲ ಉಳಿಯುವುದಿಲ್ಲ. ಹಾಗಾದರೆ ಉಳಿಯುವುದೇನು? ತಲೆಯ ಬಳಿ, ಕಾಲಿನ ಬಳಿ ನೆಟ್ಟ ಮೀಸಾನ್ ಕಲ್ಲು. ಮಸೀದಿ ನವೀಕರಣದ ಹೊತ್ತಿಗೆ ಮೊದಲು ಬದಿಗೆ ಸರಿಯುವುದೂ ಅದೇ! ಜೆಸಿಬಿ ಬಂದು ನೆಲ ಸಮ ಮಾಡಿ, ಮೇಲೆ ಇಂಟರ್‌ಲಾಕ್ ಹಾಸಿದರೆ ಮುಗಿಯಿತು. ಅಂಗಳ ಚಂದವಾಗುತ್ತದೆ, ನಿಜ. ಆದರೆ ಕಲ್ಲು ಎದ್ದ ಮೇಲೆ ಅಲ್ಲಿ ಯಾರಿದ್ದರೆಂದು ಹೇಳುವ ಸಾಕ್ಷಿ ಇನ್ನೊಂದಿಲ್ಲ.

ಇದು ನಮ್ಮ ಸಮುದಾಯದ ಸಮಸ್ಯೆ ಮಾತ್ರವಲ್ಲ. ಮೂಡುಬಿದಿರೆ ಸಮೀಪದ ಮೂಡುಕೊಣಾಜೆಯಲ್ಲಿ 1980ರ ದಶಕದಲ್ಲಿ ಪುಂಡಿಕಾಯ್ ಗಣಪಯ್ಯ ಭಟ್ಟರು ದಾಖಲಿಸಿದ ಒಂಬತ್ತು ಶಿಲಾಸಮಾಧಿಗಳಲ್ಲಿ ಎರಡು ಮಾತ್ರ ಉಳಿದಿವೆ. ಪ್ರೊ. ಟಿ. ಮುರುಗೇಶಿಯವರು 2023ರಲ್ಲಿ ಅದೇ ನೆಲೆಯಲ್ಲಿ ಸುಟ್ಟ ಮಣ್ಣಿನ ಗೊಂಬೆಗಳನ್ನು ಪತ್ತೆ ಮಾಡಿದರು. ಹೋದ ಏಳರ ಬುಡದಲ್ಲಿ ಏನಿತ್ತೋ!

ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಜಮಾಅತ್ ಸಮಿತಿಯ ಅನುಮತಿ ಪಡೆದು, ರಜೆಯ ಒಂದು ದಿನ ಮುಂಜಾನೆ ಓರೆ ಬಿಸಿಲಿರುವಾಗ ಹೋಗಿ. ಆಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಲ್ಲಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಸುಣ್ಣ, ಬಣ್ಣ ಹಚ್ಚಬೇಡಿ, ತಂತಿಬ್ರಶ್ಶಿನಿಂದ ಉಜ್ಜಬೇಡಿ. ಸ್ಥಳದ ನಕ್ಷೆ ಬರೆದು ಪ್ರತಿ ಕಲ್ಲಿಗೂ ಸಂಖ್ಯೆ ಕೊಡಿ. ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಯಾವ ಮನೆಯವರು ಎಲ್ಲಿ ಎಂದು ಕೇಳಿ ಬರೆದುಕೊಳ್ಳಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ದೂಡಬೇಡಿ, ಅಷ್ಟರಲ್ಲಿ ಹೇಳುವವರು ಇರಲಿಕ್ಕಿಲ್ಲ. ಅರಬಿ ಅಥವಾ ಪಾರಸಿ ಬರಹ ಕಂಡರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ನಾಗಪುರದ ಶಾಸನ ವಿಭಾಗಕ್ಕೆ ಚಿತ್ರ ಕಳುಹಿಸಬಹುದು. ಒಂದು ಪ್ರತಿ ಜಮಾಅತ್ ಕಚೇರಿಯ ಕಡತದಲ್ಲಿರಲಿ, ಇನ್ನೊಂದು ನಮ್ಮ ಸಂಘದ ಗ್ರಂಥಾಲಯದಲ್ಲಿರಲಿ.